ಹನ್ನೊಂದು ಮೊಟ್ಟೆಗಳ ಮೇಲ್ವಿಚಾರಣೆ

ಹಿತ್ತಲಲ್ಲಿ ಮತ್ತೆ ಕೋಳಿ ಸಂಸಾರ ಕಟ್ಟುವ ಯೋಜನೆಯನ್ನು ನಾನು ಒಂದು ಹಾಳೆಯ ಎರಡೂ ಬದಿಗೆ ಬರೆದು, ಕೆಳಗೆ ಸಹಿಯನ್ನೂ ಹಾಕಿದ್ದೆ. ಸಹಿ ಯಾರೂ ಕೇಳಿರಲಿಲ್ಲ. ಆದರೆ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿ ಬಿಚ್ಚಿ ನಿವೃತ್ತನಾದವನಿಗೆ ಸಹಿ ಇಲ್ಲದ ಕಾಗದ ಕಂಡರೆ ಊಟ ರುಚಿಸುವುದಿಲ್ಲ. ಹೆಂಡತಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೋಳಿಗೆ ಓದಾಕ್ ಬರಲ್ರಿ" ಅಂದಳು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ವಿಷಯ ಮಾತ್ರ ತಮಾಷೆಯದಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಹಿರಿಯೂರಿನ ನಮ್ಮ ಓಣಿಯ ಕೋಳಿಗಳನ್ನು ಒಂದೇ ವಾರದಲ್ಲಿ ಒರೆಸಿಕೊಂಡು ಹೋಗಿತ್ತು. ನಮ್ಮಲ್ಲಿ ಉಳಿದದ್ದು ಒಂದೇ ಒಂದು ಚುಕ್ಕೆ ಕೋಳಿ. ನಾವು ಈ ಮನೆಗೆ ಬಂದ ವರ್ಷ ನನ್ನ ಅತ್ತೆ ಜವನಗೊಂಡನಹಳ್ಳಿಯಿಂದ ಬಸ್ಸಿನಲ್ಲಿ, ಸೆರಗಿನೊಳಗೆ ಮುಚ್ಚಿಕೊಂಡು ತಂದ ಚುಕ್ಕೆ ಕೋಳಿಯ ಮರಿಯ ಮರಿಯ ಮರಿ ಅದು. ಅತ್ತೆ ಈಗಿಲ್ಲ. ಅವರು ಕೊಟ್ಟ ಸೀರೆಗಳೂ ಹರಿದು ಒರೆಸುವ ಬಟ್ಟೆಗಳಾಗಿವೆ. ಈ ಕೋಳಿಗೂ ವಯಸ್ಸಾಗಿ ಮೊಟ್ಟೆ ಇಡುವುದು ಕಡಿಮೆಯಾಗಿತ್ತು. ಈ ಸಲ ಮರಿ ಎದ್ದರೆ ಎದ್ದವು, ಇಲ್ಲದಿದ್ದರೆ ಆ ಸಾಲು ಇಲ್ಲಿಗೆ ಮುಗಿದಂತೆ. ಹೆಂಡತಿ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ರಾಗಿ ಡಬ್ಬದಲ್ಲಿ ಹೂತಿಟ್ಟ ಮೊಟ್ಟೆಗಳನ್ನು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದಳು, ಅಷ್ಟೆ.

ಸಂಸಾರಕ್ಕೆ ಹುಂಜವೂ ಬೇಕಲ್ಲ. ಅದು ಎದುರುಮನೆಯಾಕೆಯದು. ರೋಗದ ನಂತರ ಆಕೆ ತವರಿನಿಂದ ಒಂದು ಹುಂಜ, ಆಗಷ್ಟೇ ಮೊಟ್ಟೆಗೆ ಬಂದ ಎರಡು ಹ್ಯಾಟೆ ತಂದುಕೊಂಡಿದ್ದಳು. ಹುಂಜ ನಮ್ಮ ಬೇಲಿ ಹಾರಿ ಬಂದು ತನ್ನ ಕರ್ತವ್ಯವನ್ನು ಯಾವ ಆದೇಶಕ್ಕೂ ಕಾಯದೆ ನಿರ್ವಹಿಸಿ ಹೋಗಿತ್ತು.

ನನ್ನ ಯೋಜನೆಯ ಎರಡನೆಯ ಬದಿಯಲ್ಲಿ ಇದ್ದದ್ದು ಗಿರಿರಾಜ ತಳಿಯ ಮರಿಗಳ ವಿಷಯ. ಒಂದೇ ಕೋಳಿಯನ್ನು ನಂಬಿ ಕೂರುವುದು ಆಡಳಿತದ ದೃಷ್ಟಿಯಿಂದ ಸರಿಯಲ್ಲವೆಂದು ನಾನು ಚಿತ್ರದುರ್ಗದ ಒಂದು ಹ್ಯಾಚರಿಗೆ ಫೋನು ಮಾಡಿದೆ.

"ಹತ್ತು ಮರಿ ಬೇಕಾಗಿತ್ತು."

"ಇಪ್ಪತ್ತೈದಕ್ಕಿಂತ ಕಮ್ಮಿ ಕೊಡಲ್ಲ ಸರ್. ಮೊದ್ಲೇ ಬುಕ್ ಮಾಡ್ಬೇಕು, ಗುರುವಾರ ಬಂದು ತಗಂಡೋಗ್ಬೇಕು."

ಎದುರುಮನೆಯಾಕೆ ಹದಿನೈದು ತನಗಿರಲಿ ಎಂದಳು. ಹಾಗಾಗಿ ಕಾವಿಗೆ ಕೂರಿಸುವುದೂ ಗುರುವಾರವೇ ಎಂದು ತೀರ್ಮಾನಿಸಿದೆ. ಮೂರು ವಾರಕ್ಕೆ ಸರಿಯಾಗಿ ಇನ್ನೊಂದು ಗುರುವಾರ, ಇಲ್ಲಿ ಮೊಟ್ಟೆ ಒಡೆಯುವ ಹೊತ್ತಿಗೆ ಅಲ್ಲಿಂದ ಡಬ್ಬ ಬರುತ್ತದೆ, ಒಬ್ಬಳೇ ತಾಯಿಗೆ ಎರಡೂ ಕಡೆಯ ಮಕ್ಕಳು. ಹೆಂಡತಿಯೂ ಒಪ್ಪಿದಳು, ಗುರುವಾರ ಒಳ್ಳೆಯ ದಿನವೆಂಬ ಒಂದೇ ಕಾರಣಕ್ಕೆ.

ಬುಟ್ಟಿಗೆ ಬೂದಿ ಹರಡಿ, ಮೇಲೆ ಒಣಹುಲ್ಲು ಹಾಕಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಹಳೆಯ ಕುಡುಗೋಲಿನ ತುಂಡೊಂದನ್ನೂ ಎರಡು ಒಣ ಮೆಣಸಿನಕಾಯನ್ನೂ ಇಟ್ಟಳು. ಬಚ್ಚಲ ಪಕ್ಕದ ತಗಡಿನ ಮಾಡಿನಡಿ ಬುಟ್ಟಿ ಸೇರಿತು. ಹನ್ನೊಂದು ಮೊಟ್ಟೆ, ಪ್ರತಿಯೊಂದಕ್ಕೂ ಇದ್ದಿಲಿನಿಂದ ಒಂದೊಂದು ಗೆರೆ.

"ಕೋಳಿ ಕಾಳಿಗೆ ಎದ್ದಾಗ ಎರಡು ದಿನಕ್ಕೊಂದ್ಸಲ ಗೆರೆ ಮೇಲೆ ಗೆರೆ ಎಳೀರಿ. ಅದು ಮೊಟ್ಟೆ ಹೊರಳಿಸಿ ಹೊರಳಿಸಿ ಅಳಿಸ್ತೈತೆ. ಎದುರುಮನೆ ಹ್ಯಾಟೆ ಬಂದು ಇದರಾಗೇ ಮೊಟ್ಟೆ ಇಕ್ತು ಅಂದ್ರೆ ಗೊತ್ತಾಗ್ಬೇಕಲ್ಲ."

ಈ ಒಂದು ಹೊಣೆ ಮಾತ್ರ ನನ್ನದು. ನಾನು ಡೈರಿಯಲ್ಲಿ 'ಒಟ್ಟು ಹನ್ನೊಂದು' ಎಂದು ಬರೆದು, ಅಡಿಗೆರೆ ಎಳೆದು, ದಾಖಲೆಯಾದ ಮೇಲೆ ಮತ್ತೆ ಇದ್ದಿಲೇಕೆ ಎಂದು ಕೈ ತೊಳೆದುಕೊಂಡೆ.

ಒಂಬತ್ತನೆಯ ದಿನ ಹೆಂಡತಿ ಹೊಳಲ್ಕೆರೆಯ ತಂಗಿಯ ಮನೆಯಿಂದ ಮಧ್ಯಾಹ್ನ ಬರುವವಳಿದ್ದಳು. ಬೆಳಿಗ್ಗೆ ಹತ್ತಕ್ಕೆ ಕೋಳಿ ಕಾಳಿಗೆ ಎದ್ದಾಗ ಬುಟ್ಟಿ ನೋಡಿದೆ. ಹದಿಮೂರು. ಎರಡು ಸಲ ಎಣಿಸಿದೆ, ಕನ್ನಡಕ ಒರೆಸಿ ಮೂರನೆಯ ಸಲವೂ ಎಣಿಸಿದೆ. ಹದಿಮೂರೇ. ಒಂದರ ಮೇಲೂ ಗೆರೆಯ ಸುಳಿವಿಲ್ಲ. ಡೈರಿಯಲ್ಲಿ ಹನ್ನೊಂದು ಎಂದಿತ್ತು, ಯಾವ ಹನ್ನೊಂದು ಎಂದಿರಲಿಲ್ಲ.

ಅಧಿಕಾರಿಯಾದವನು ಇಂಥ ಹೊತ್ತಿನಲ್ಲಿ ಅಳುಕಬಾರದು. ಹೊಸ ಮೊಟ್ಟೆ ಶುಭ್ರವಾಗಿರುತ್ತದೆ ಎಂಬ ತರ್ಕದಿಂದ, ಇದ್ದವುಗಳಲ್ಲಿ ತೀರ ಶುಭ್ರವಾದ ಎರಡನ್ನು ಆರಿಸಿ ಬಚ್ಚಲ ಕಿಟಕಿಯ ಕಟ್ಟೆಯ ಮೇಲಿಟ್ಟು, ಎದುರುಮನೆಗೆ ಸಂಜೆ ಮುಟ್ಟಿಸುವುದೆಂದು ನಿರ್ಧರಿಸಿ ಪತ್ರಿಕೆ ಓದಲು ಕುಳಿತೆ.

ಮೂರು ಗಂಟೆಗೆ ಬಂದವಳು ಕಾಲು ತೊಳೆಯಲು ಹೋಗಿ ಅಲ್ಲಿಂದಲೇ ಕೂಗಿದಳು.

"ರೀ, ಇವ್ಯಾಕೆ ಇಲ್ಲಿ ಅವೆ?"

ವಿವರಿಸಿದೆ. ಅವಳು ಒಂದು ಮೊಟ್ಟೆ ತೆಗೆದುಕೊಂಡು ಅಂಗಳಕ್ಕೆ ಬಂದಳು. ಮುಷ್ಟಿಯನ್ನು ಕೊಳವೆಯಂತೆ ಮಾಡಿ, ಆಚೆ ತುದಿಗೆ ಮೊಟ್ಟೆ ಇಟ್ಟು, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ನನ್ನ ಕಣ್ಣಿಗೂ ಹಿಡಿದಳು. ಕೆಂಪು ಬೆಳಕಿನ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಹುಣಸೆ ಎಲೆಯ ನರಗಳಷ್ಟು ಸಣ್ಣ ಎಳೆಗಳು. ಎರಡನೆಯದರಲ್ಲೂ ಅದೇ.

"ನಮ್ಮವನ್ನೇ ತೆಗ್ದು ಇಟ್ಟೀರಲ್ರಿ" ಅಂದಳು. ದನಿ ಏರಿರಲಿಲ್ಲ. ಏರಿದ್ದರೆ ವಾಸಿಯಿತ್ತು.

ಐದು ಗಂಟೆ ಕಾಲ ತಾಯಿಯ ಕಾವಿಲ್ಲದೆ ಇದ್ದ ಮೊಟ್ಟೆಗಳು. ಅವಳು ಅಂಗೈಯಲ್ಲಿಟ್ಟು, ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಿದ್ದವು. ಯುಗಾದಿಯ ಆಸುಪಾಸಿನ ಹಿರಿಯೂರಿನ ಬಿಸಿಲು ತಗಡಿನ ಮೂಲಕ ಇಳಿದು, ನಾನು ಪತ್ರಿಕೆ ಓದುವಾಗ ನನ್ನ ಕೆಲಸವನ್ನೂ ಕೋಳಿಯ ಕೆಲಸವನ್ನೂ ಒಟ್ಟಿಗೆ ಮಾಡಿತ್ತು. ಈ ಊರಿನ ಸೆಕೆಯನ್ನು ನಾನು ಅಂದಿನಿಂದ ಬೈದಿಲ್ಲ.

ಬುಟ್ಟಿಯ ಉಳಿದ ಹನ್ನೊಂದನ್ನೂ ಹಾಗೇ ಬಿಸಿಲಿಗೆ ಹಿಡಿದಾಗ ಖಾಲಿ ಬೆಳಕು ಕಂಡ ಎರಡು ಸಿಕ್ಕವು. ಅವು ಎದುರುಮನೆಗೆ ಹೋದವು. ಆಮೇಲೆ ಹೆಂಡತಿ ನನ್ನ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು ಹನ್ನೊಂದಕ್ಕೂ ಗೆರೆ ಎಳೆದು, ನಾನು ತೆಗೆದಿಟ್ಟಿದ್ದ ಎರಡಕ್ಕೆ ಹೆಚ್ಚಿಗೆ ಒಂದೊಂದು ಅಡ್ಡಗೆರೆಯನ್ನೂ ಹಾಕಿದಳು. ಪೆನ್ಸಿಲ್ ಗೆರೆ ಅಳಿಸುವುದಿಲ್ಲ. ಆ ಪೆನ್ಸಿಲ್ ಒಂಬತ್ತು ದಿನವೂ ನನ್ನ ಕಿವಿಯ ಮೇಲೇ ಇತ್ತು.

ಹದಿನೆಂಟನೆಯ ದಿನ ಉಗುರುಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಒಂದೊಂದೇ ಮೊಟ್ಟೆ ತೇಲಿಬಿಟ್ಟು ಪರೀಕ್ಷೆ. ಒಳಗೆ ಜೀವವಿದ್ದರೆ ಮೊಟ್ಟೆ ತಾನಾಗಿ ಅಲ್ಲಾಡಬೇಕು. ಒಂಬತ್ತು ಲಗುಬಗೆಯಿಂದ ಅಲ್ಲಾಡಿದವು. ಅಡ್ಡಗೆರೆಯ ಮೊದಲನೆಯದು ಸುಮ್ಮನೆ ತೇಲಿತು. ಹೆಂಡತಿ ಕಾದಳು, ನಾನೂ ಉಸಿರು ಹಿಡಿದು ಕಾದೆ. ಅಲ್ಲಾಡಲಿಲ್ಲ. ಅದನ್ನು ಅವಳೇ ಬೇವಿನ ಬುಡದಲ್ಲಿ ಹೂತು ಬಂದಳು. ಅಡ್ಡಗೆರೆಯ ಎರಡನೆಯದು, ನಾನು ಮುಖ ತಿರುಗಿಸುವ ಹೊತ್ತಿಗೆ, ಒಂದು ಸಲ ವಾಲಿತು.

ಗುರುವಾರ ನಾನು ದುರ್ಗಕ್ಕೆ ಹೋಗಿ, ತೂತು ಮಾಡಿದ ರಟ್ಟಿನ ಡಬ್ಬವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಇಪ್ಪತ್ತೈದು ಮರಿ ಒಂದೇ ಸಮ ಚಿಂವ್‌ಗುಟ್ಟುತ್ತಿದ್ದರಿಂದ ಪಕ್ಕದವರು ಹಿರಿಯೂರಿನವರೆಗೂ ನನ್ನ ಮುಖ ನೋಡುತ್ತಿದ್ದರು. ಮನೆಗೆ ಬಂದರೆ ಒಂಬತ್ತು ಎದ್ದಿದ್ದವು. ಮುಸ್ಸಂಜೆ ಮಬ್ಬಿನಲ್ಲಿ ಹೆಂಡತಿ ಗಿರಿರಾಜನ ಹತ್ತನ್ನೂ ಒಂದೊಂದಾಗಿ ಕೋಳಿಯ ರೆಕ್ಕೆಯಡಿ ಸರಿಸಿದಳು. ಕೋಳಿ ಕುತ್ತಿಗೆ ಬಗ್ಗಿಸಿ ಕೊರ್ ಎಂದಿತು, ತಕರಾರು ಹೂಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅದು ಹತ್ತೊಂಬತ್ತು ಮರಿಗಳನ್ನು ಹಿಂದಿಟ್ಟುಕೊಂಡು ಠೀವಿಯಿಂದ ಅಂಗಳಕ್ಕಿಳಿಯಿತು. ಬುಟ್ಟಿಯಲ್ಲಿ ಒಂದೇ ಮೊಟ್ಟೆ ಉಳಿದಿತ್ತು, ಅಡ್ಡಗೆರೆಯದು. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಳಗಿನಿಂದ ಒಂದು ಸಣ್ಣ ದನಿ ಬರುತ್ತಿತ್ತು. ಕೋಳಿ ತಿರುಗಿ ನೋಡಲಿಲ್ಲ.

ಹೆಂಡತಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ನನ್ನ ಉಣ್ಣೆ ಟೋಪಿ ಮುಚ್ಚಿ ನನ್ನ ಮಡಿಲಿಗಿಟ್ಟಳು.

"ತೆಗ್ದೋರು ನೀವು, ಕಾವು ಕುಂತ್ಕಳ್ರಿ."

ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತೆ. ಹದಿನೈದು ಮರಿಗಳಿಗೆ ನುಚ್ಚು ಹಾಕುತ್ತಿದ್ದ ಎದುರುಮನೆಯಾಕೆ ಬೇಲಿಯ ಮೇಲಿಂದ ನೋಡಿದಳು.

"ಏನ್ ಸಾಹೇಬ್ರೆ, ಮೊಟ್ಟೆ ಇಕ್ಕಾಕೂ ಶುರು ಮಾಡ್ತೀರೇನು?"

"ಮೇಲಿನ ಆದೇಶ ಬಂದಿಲ್ಲ ಕಣಮ್ಮ" ಅಂದೆ.

"ಅಕ್ಕಾ, ಇವ್ರಿಗೂ ಒಂಚೂರು ಕಾಳು ಹಾಕೇ, ಬೆಳಿಗ್ಗೆಯಿಂದ ಎದ್ದಿಲ್ಲ!" ಎಂದು ಆಕೆ ನನ್ನ ಹೆಂಡತಿಗೆ ಕೂಗಿ ಹೇಳಿದಳು.

ಕಾಲು ಜೋಮು ಹಿಡಿಯಿತು. ಏಳಲಿಲ್ಲ. ಹನ್ನೊಂದೂವರೆಗೆ ಟೋಪಿಯೊಳಗೆ ಏನೋ ಒದ್ದ ಹಾಗಾಯಿತು. ಬಟ್ಟೆ ಸರಿಸಿದರೆ ಸಿಪ್ಪೆ ಎರಡು ಹೋಳಾಗಿ, ತೊಯ್ದು ಅಂಟಿಕೊಂಡ ಒಂದು ಮರಿ ನನ್ನ ಹೆಬ್ಬೆರಳಿಗೆ ಒರಗಿ ಬಿದ್ದಿತ್ತು. ಹೆಂಡತಿಯನ್ನು ಕೂಗಿದೆ. ಅವಳು ಒಗೆಯುತ್ತಿದ್ದ ಬಟ್ಟೆ ಬಿಟ್ಟು, ನೊರೆಗೈಯಲ್ಲೇ ಬಂದು ಬಗ್ಗಿದಳು. ಬಿಸಿಲಿಗೆ ಅದರ ಮೈ ಆರುತ್ತ ಆರುತ್ತ ಬೆನ್ನ ಮೇಲಿನ ಕಂದು ಚುಕ್ಕೆಗಳು ಒಂದೊಂದಾಗಿ ಎದ್ದವು.

"ನಮ್ಮವ್ವ ತಂದಿದ್ದೂ ಹಿಂಗೇ ಇತ್ತು" ಎಂದಳು.

ಪೂರ್ತಿ ಆರಿದ ಮೇಲೆ ಅವಳು ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹೋಗಿ ಉಳಿದವುಗಳ ನಡುವೆ ಬಿಟ್ಟಳು. ಅದು ಎರಡು ಹೆಜ್ಜೆ ತಪ್ಪಾಗಿ ಇಟ್ಟು, ಮೂರನೆಯದಕ್ಕೆ ಕೋಳಿಯ ಹೊಟ್ಟೆಯಡಿ ನುಗ್ಗಿತು. ನಾನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಡೈರಿಯಲ್ಲಿ 'ಒಟ್ಟು ಇಪ್ಪತ್ತು' ಎಂದು ಬರೆದೆ. ಅಡಿಗೆರೆ ಎಳೆಯುವ ಮುನ್ನ ಮಾತ್ರ ಅಂಗಳಕ್ಕೆ ಹೋಗಿ ಇನ್ನೊಂದು ಸಲ ಎಣಿಸಿ ಬಂದೆ.