ಚೆರ್ರಿಯನ್ನು ನುಂಗಿದ ಓರೆಗೆರೆ

ಮಳೆ ಬಿಡಲಿ, ಕುಯ್ಲು ಮುಗಿಯಲಿ, ಕನ್ನಡಕ ಬದಲಾಗಲಿ ಎಂದು ಇದನ್ನು ಬರೆಯುವುದನ್ನು ಮುಂದೂಡುತ್ತ ಬಂದೆ. ಮಳೆ ಬಿಟ್ಟಿತು, ಕುಯ್ಲು ಮುಗಿಯಿತು, ಕನ್ನಡಕವೂ ಬದಲಾಯಿತು. ಈಗ ಬರೆಯುತ್ತಿರುವುದು ನೆಪಗಳು ಮುಗಿದದ್ದರಿಂದ, ಧೈರ್ಯ ಬಂದದ್ದರಿಂದಲ್ಲ.

ನಾನು ಹೈಸ್ಕೂಲು ಓದಿದವನು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಕಂಪ್ಯೂಟರ್ ಬಂದಾಗ ಕಪ್ಪು ಪರದೆಯ ಕಮಾಂಡುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಪಂಡಿತನೆಂದು ಬೀಗಿದೆ. ಆ ಕಮಾಂಡು ಕೇಳಿ ಕೆಲಸ ಮಾಡಿಸುವ ಮೇಸ್ತ್ರಿಗೆ ಶೆಲ್ ಎನ್ನುತ್ತಾರೆ. ಮೇಸ್ತ್ರಿಗಳಂತೆ ಶೆಲ್‌ಗಳದ್ದೂ ನಾನಾ ಸ್ವಭಾವ. ಹೇಳಿದ್ದನ್ನು ಅಚ್ಚುಹಾಕು ಎಂದಾಗ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆ ಸಿಕ್ಕಿದರೆ, ಒಬ್ಬ ಅದನ್ನು ಬರಿ ಗೆರೆಯೆಂದು ಹಾಗೇ ಹಾಕುತ್ತಾನೆ. ಇನ್ನೊಬ್ಬ ಸನ್ನೆಯೆಂದು ತಿಳಿಯುತ್ತಾನೆ: ಗೆರೆಯ ಬೆನ್ನಿಗೆ ಸಣ್ಣ ‘ಎನ್’ ಇದ್ದರೆ ಹೊಸ ಸಾಲು, ಸಣ್ಣ ‘ಸಿ’ ಇದ್ದರೆ ಬಾಯಿ ಬಂದ್, ಮುಂದಿನದೇನೂ ಅಚ್ಚಾಗುವುದಿಲ್ಲ.

ಚೀಲಕ್ಕೆ ಕಟ್ಟುವ ಚೀಟಿಗಳನ್ನು ಅಚ್ಚುಹಾಕುವ ಕಮಾಂಡುಗಳ ಪಟ್ಟಿ, ಅಂದರೆ ಸ್ಕ್ರಿಪ್ಟು, ಬರೆದವನು ಪಕ್ಕದ ಮೇಜಿನ ನಜೀರ್, ಕಳಸದವನು. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಮೊದಲು ಊರು, ಆಮೇಲೆ ಓರೆಗೆರೆ, ಆಮೇಲೆ ಮಾಲಿನ ಹೆಸರು, ಪಾರ್ಚ್‌ಮೆಂಟ್ ಅಥವಾ ಚೆರ್ರಿ. ಗೆರೆ ಹಾಕಿಸಿದ್ದು ನಾನು, ಚೆಂದ ಕಾಣಲೆಂದು. ಹೊಸ ಕಂಪ್ಯೂಟರ್ ಬಂದ ದಿನ ಅವನು ಊರಿಗೆ ಹೊರಟಿದ್ದ.

“ಇದ್ರ ಶೆಲ್ ಬೇರೆ ಮಾರಾಯ್ರೆ. ನಾ ಬಂದು ನೋಡೋ ತನ್ಕ ಹಳೇದ್ರಲ್ಲೇ ಹೊಡೀರಿ.”

“ಎಲ್ಲಾ ಒಂದೇ. ನಂಗೇ ಪಾಠ ಹೇಳ್ತೀಯಾ? ಹೋಗ್ ಬಾ.”

ಹೊಸದರಲ್ಲಿ ಪಾರ್ಚ್‌ಮೆಂಟಿನ ಚೀಟಿ ಸರಿಯಾಗಿಯೇ ಬಂತು. ಚೆರ್ರಿಯ ಮೊದಲಕ್ಷರ ‘ಸಿ’. ಶೆಲ್ ಬಾಯಿ ಮುಚ್ಚಿತು. ಚೀಟಿಯಲ್ಲಿ ಬರಿ ‘ಬಾಳೂರು’ ಉಳಿಯಿತು.

“ಇದ್ಯಾವ್ ಮಾಲು ರೈಟ್ರೆ?” ಎಂದರು ಚೀಲ ಹೊರುವವರು.

“ಪಾರ್ಚ್‌ಮೆಂಟೇ, ಹಾಕ್ರೋ,” ಎಂದೆ, ಕುರ್ಚಿಯಿಂದ ಏಳದೆ.

ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಸಿಪ್ಪೆ ಸಮೇತ ಒಣಗಿದ ಚೆರ್ರಿ ಬೆರೆಯಿತು. ಬೆಳೆಗಾರರೊಬ್ಬರ ಅಷ್ಟೂ ಮಾಲು ಕೆಟ್ಟಿತು.

ನಜೀರ್ ಊರಿಂದ ಬಂದ ದಿನವೇ ಯಜಮಾನರು ಇಬ್ಬರನ್ನೂ ಕರೆದರು. “ಯಾರ್ರೀ ಈ ಚೀಟಿ ಮಾಡಿದ್ದು?”

“ಸ್ಕ್ರಿಪ್ಟ್ ನಜೀರ್ ಬರ್ದಿದ್ದು ಸಾರ್,” ಎಂದೆ.

ಸುಳ್ಳಲ್ಲ. ಅಲ್ಲಿಗೆ ನಿಲ್ಲಿಸಿದೆ, ಅಷ್ಟೆ. ಉಳಿದದ್ದನ್ನು ನಾನೇ ಹೇಳುತ್ತೇನೆಂದು ಅವನು ನನ್ನ ಮುಖ ನೋಡುತ್ತ ಕಾದ. ಸಂಜೆಗೆ ಅವನನ್ನು ಕೆಲಸದಿಂದ ಬಿಡಿಸಿದರು. ಇನ್ನು ಮುಂದೆ ಅವನ ಹೆಸರು ಬರೆಯಲಾರೆ. ನನ್ನ ಬಾಯಿಂದ ಅದು ಕೊನೆಯ ಸಲ ಬಂದದ್ದು ಹಾಗೆ.

ಮೊನ್ನೆ ಕಳಸದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. “ಏನ್ ಮಾರಾಯ್ರೆ, ಆರಾಮಾ?” ಎಂದು ಅವನೇ ಕೇಳಿದ.

“ಅವತ್ತು...” ಎಂದೆ. ಮುಂದಿನ ಮಾತಿಗಾಗಿ ಅವನು ನಿಂತೇ ಇದ್ದ. ಆಮೇಲೆ, “ಜೀಪ್ ಹೊರಡ್ತದೆ, ಬರ್ತೀನಿ,” ಎಂದು ಹೋದ.

ಒಂದು ವಿಷಯದಲ್ಲಿ ಮಾತ್ರ ನಾನು ಬಲ್ಲ ಶೆಲ್‌ಗಳಿಗೆಲ್ಲ ಒಮ್ಮತವಿದೆ. ಸಾಲಿನ ಕೊನೆಗೆ ಓರೆಗೆರೆ ಹಾಕಿ ಎಂಟರ್ ಒತ್ತಿದರೆ, ಮಾತಿನ್ನೂ ಮುಗಿದಿಲ್ಲವೆಂದು ತಿಳಿದು ಸುಮ್ಮನೆ ಕಾಯುತ್ತವೆ, ಎಷ್ಟು ಹೊತ್ತಾದರೂ. ಮನುಷ್ಯರು ಹಾಗೆ ಕಾಯಬೇಕೆಂಬ ಕಾನೂನಿಲ್ಲ. ಆದರೂ ಅವನು ಎರಡು ಸಲ ಕಾದ.