ಬಾಗಿಲ ಹಿಂದಿನ ಸ್ವೆಟರು

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಎಷ್ಟು ಜನ ಹೊರಟಿದ್ದೀರಿ ಎಂದು ಕೇಳಿದಾಗ ನಾನು ಮೂವರು ಎಂದೆ. ಆಕೆ ನನ್ನನ್ನು ನೋಡಿದಳು, ನನ್ನ ಸೊಂಟದ ಮೇಲಿದ್ದ ಎರಡೂವರೆ ವರ್ಷದ ಮಗಳನ್ನು ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದೆ ಹಣಕಿದಳು. ಅಲ್ಲಿ ಯಾರೂ ಇರಲಿಲ್ಲ. ಗಂಡ ನಮ್ಮನ್ನು ಇಳಿಸಿ ಆಗಲೇ ವಾಪಸು ಹೋಗಿದ್ದ. ಹಸುಗಳು ಕರು ಹಾಕುವ ಕಾಲದಲ್ಲಿ ಅವನಿಗೆ ರಜೆ ಇಲ್ಲ. ತಪ್ಪಾಯಿತು, ಇಬ್ಬರೇ ಎಂದು ತಿದ್ದಿದೆ. ಮೂರನೆಯವರು ಯಾರೆಂದು ನನಗೆ ಗೊತ್ತಿತ್ತು. ಹನ್ನೊಂದು ತಿಂಗಳ ಹಿಂದೆ ತೀರಿಕೊಂಡ ನನ್ನ ಅಪ್ಪ.

ನಾವಿರುವುದು ನ್ಯೂಜಿಲೆಂಡಿನಲ್ಲಿ. ಗಂಡ ಅಲ್ಲಿಯ ದೊಡ್ಡದೊಂದು ಡೇರಿಯಲ್ಲಿ ಹಾಲು ಕರೆಸುವ ಕೆಲಸ ನೋಡಿಕೊಳ್ಳುತ್ತಾನೆ. “ಹಸ ಕರೆಯಕ್ಕೆ ಸಮುದ್ರ ದಾಟ್ಬೇಕಿತ್ತಾ? ನಮ್ಮ ಕೊಟ್ಟಿಗೇಲಿ ಹಸ ಇರ್ಲಿಲ್ವಾ?” ಎಂದು ತುರುವೇಕೆರೆ ಕಡೆಯ ನೆಂಟರೆಲ್ಲ ನಗುತ್ತಾರೆ. ನಗಲಿ. ನಾನೂ ಮದುವೆಯಾದ ಹೊಸದರಲ್ಲಿ ನಕ್ಕವಳೇ.

ಅಪ್ಪ ಒಂದು ಬೆಳಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಅಲ್ಲೇ ಕುಸಿದರು. ನಮ್ಮ ಪಾಸ್‌ಪೋರ್ಟುಗಳು ಆಗ ವೀಸಾ ಕಚೇರಿಯಲ್ಲಿ ಕೂತಿದ್ದವು. ಕೈಯಲ್ಲಿದ್ದರೂ ಎರಡು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ತೋಟದಲ್ಲೇ ಗುಣಿ ತೆಗೆದು, ಮೈತುಂಬ ವಿಭೂತಿ ಹಚ್ಚಿ, ಕಾಲು ಮಡಿಸಿ ಕೂರಿಸುತ್ತಾರೆ. ತಮ್ಮ ಫೋನನ್ನು ಎತ್ತಿ ಹಿಡಿದಿದ್ದ. ನನಗೆ ಕಂಡದ್ದು ಜನರ ಬೆನ್ನು, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ, ತೆಂಗಿನ ಗರಿಗಳ ನಡುವೆ ಚೂರು ಆಕಾಶ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅಪ್ಪನ ಮುಖವನ್ನು ನಾನು ನೋಡಲೇ ಇಲ್ಲ.

ಮುಖ ನೋಡದವರು ಇನ್ನೊಬ್ಬರಿದ್ದರು. ಅಪ್ಪನ ತಾಯಿ, ನನ್ನ ಅಜ್ಜಿ. ಸೊಂಟದ ಮೂಳೆ ಮುರಿದ ಮೇಲೆ ಅಜ್ಜಿ ಮಾಯಸಂದ್ರದ ಹತ್ತಿರ ಮಗಳ, ಅಂದರೆ ನನ್ನ ಸೋದರತ್ತೆಯ, ಮನೆಯಲ್ಲಿದ್ದರು. ಕಣ್ಣಿಗೆ ಮಂಜು, ಎದೆಯೂ ಸೋತಿತ್ತು. ವಿಷಯ ಹೇಳಿದರೆ ತಡೆಯುವುದಿಲ್ಲ ಎಂದು ಅತ್ತೆ ಹೆದರಿದರು. ಪ್ರತಿ ಸೋಮವಾರ ತಪ್ಪದೆ ಬರುತ್ತಿದ್ದ ಮಗ ಯಾಕೆ ಬರಲಿಲ್ಲ ಎಂದು ಅಜ್ಜಿ ಕೇಳಿದಾಗ ಅತ್ತೆಯ ಬಾಯಿಗೆ ಬಂದ ಮಾತು ಒಂದೇ: “ಮೊಮ್ಮಗೀನ ನೋಡಕ್ಕೆ ಇಮಾನ ಹತ್ತವ್ನೆ ಕಣವ್ವ.”

ಒಂದು ಸುಳ್ಳನ್ನು ಸಾಕುವುದಕ್ಕೆ ಊರೇ ಕೈಜೋಡಿಸಿತು. ಹಾಲಿನ ಡೇರಿಯವನಿಂದ ಹಿಡಿದು ಮಾತ್ರೆ ಅಂಗಡಿಯವನವರೆಗೆ ಎಲ್ಲರೂ ನಿಮ್ಮ ಮಗ ಫಾರಿನ್ನಲ್ಲಿ ಹೇಗಿದ್ದಾರೆ ಎಂದು ಅಜ್ಜಿಯನ್ನು ವಿಚಾರಿಸುತ್ತಿದ್ದರು. ಅಮ್ಮ ಮಾತ್ರ ಅತ್ತೆಯ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಳು. ಕಣ್ಣು ಕಾಣದ ಅಜ್ಜಿ ಸೊಸೆ ಬಂದ ಕೂಡಲೆ ಮೊದಲು ಹಿಡಿಯುತ್ತಿದ್ದುದು ಮುಂಗೈ. ಅಲ್ಲಿ ಈಗ ಬಳೆ ಇರಲಿಲ್ಲ.

ಹೀಗೆ ಅಪ್ಪನನ್ನು ಜೀವಂತ ಇಟ್ಟುಕೊಳ್ಳುವ ಜವಾಬ್ದಾರಿ ನನ್ನ ತಲೆಗೆ ಬಂತು. ಪ್ರತಿ ಭಾನುವಾರ ಅತ್ತೆ ಫೋನು ಹಚ್ಚಿ ಅಜ್ಜಿಯ ಕಿವಿಗೆ ಇಡುತ್ತಿದ್ದರು. ಅಲ್ಲಿ ಮಧ್ಯಾಹ್ನ, ನಮಗೆ ಸಂಜೆ ಏಳೂವರೆ.

“ಎಲ್ಲವ್ನೇ ನಿಮ್ಮಪ್ಪ?”

“ಮಲಗವ್ರೆ ಅಜ್ಜಿ.”

ಮೊದಲ ಸಲ ಗಾಬರಿಯಲ್ಲಿ ಹೇಳಿದ್ದು. ಅಜ್ಜಿ ನಂಬಿದರು, ಅಪ್ಪ ಕೋಳಿಯ ಜೊತೆಗೇ ಮಲಗುವ ಮನುಷ್ಯ. ಆಮೇಲೆ ಅದೇ ರೂಢಿಯಾಯಿತು. ಮಗಳು ನಡುವೆ ಬಾಯಿ ಹಾಕದಿರಲೆಂದು ಅವಳ ತುಟಿಯ ಮೇಲೆ ಬೆರಳಿಟ್ಟು ಶ್ ಎನ್ನುತ್ತಿದ್ದೆ. ಸುಳ್ಳು ದಿನೇದಿನೇ ಕೈಕಾಲು ಬೆಳೆಸಿತು. ಅಪ್ಪ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ, ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ, ರಾಗಿ ಮುದ್ದೆ ಇಲ್ಲವೆಂದು ಗೊಣಗುತ್ತಾರೆ. ಹೇಳುತ್ತಾ ಹೇಳುತ್ತಾ ನನಗೇ ಕಾಣತೊಡಗಿತು. ಒಮ್ಮೆ ಅಜ್ಜಿ, “ಚಳಿ ಊರಂತಲ್ಲೇ, ಅವನಿಗೊಂದು ಸ್ವೆಟ್ರು ತಕ್ಕೊಡು” ಎಂದರು. ಮಾರನೆಯ ದಿನ ಅಂಗಡಿಗೆ ಹೋಗಿ ಅಪ್ಪನ ಅಳತೆಯ ಬೂದು ಬಣ್ಣದ ಸ್ವೆಟರು ತಂದೆ. ಯಾಕೆ ತಂದೆ ಎಂದು ಗಂಡ ಕೇಳಲಿಲ್ಲ. ಮುಂಬಾಗಿಲ ಹಿಂದಿನ ಮೊಳೆಗೆ ತೂಗು ಹಾಕಿದೆ. ಗಾಳಿಗೆ ಬಾಗಿಲು ಅಲ್ಲಾಡಿದರೆ ಅದರ ತೋಳು ಅಲ್ಲಾಡುತ್ತಿತ್ತು. ಮಗಳು ದಿನಾ ಅದಕ್ಕೆ ಟಾಟಾ ಮಾಡುತ್ತಿದ್ದಳು.

ಅಪ್ಪನ ವರ್ಷದ ಕಾರ್ಯಕ್ಕೆ ನಾನು ಹೊರಟಾಗ ಆ ಸುಳ್ಳಿನ ಗಡುವೂ ಮುಗಿಯಿತು. ಏಕೆಂದರೆ ಅತ್ತೆ ಅಜ್ಜಿಗೆ ಕೊಟ್ಟಿದ್ದ ಮಾತು, ಮೊಮ್ಮಗಳು ಬರುವಾಗ ನಿನ್ನ ಮಗನೂ ಜೊತೆಗೆ ಬರುತ್ತಾನೆ ಎಂದು.

ಸಣ್ಣ ಮಗುವನ್ನು ಕಟ್ಟಿಕೊಂಡು ಒಬ್ಬಳೇ ಅಷ್ಟು ದೂರ ಹಾರುವುದು ಶತ್ರುವಿಗೂ ಬೇಡ. ಮಗಳು ಕಿವಿ ನೋವೆಂದು ಅತ್ತಳು, ನನ್ನ ಮಡಿಲಲ್ಲಿ ವಾಂತಿ ಮಾಡಿದಳು, ಮುಂದಿನ ಸೀಟಿನವರ ಬೆನ್ನಿಗೆ ಒದ್ದು ನನಗೆ ಬೈಸಿದಳು. ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ಇದ್ದಕ್ಕಿದ್ದಂತೆ “ತಾತ!” ಎಂದು ಕಿರುಚಿ ನನ್ನ ಕೈ ಬಿಡಿಸಿಕೊಂಡು ಓಡಿದಳು. ಮುಂದೆ ಬೂದು ಸ್ವೆಟರು ತೊಟ್ಟ ಮುದುಕರೊಬ್ಬರು ಒಂದು ಭುಜ ತುಸು ಇಳಿಬಿಟ್ಟು ನಡೆಯುತ್ತಿದ್ದರು. ಅಪ್ಪ ಹಾಗೇ ನಡೆಯುತ್ತಿದ್ದದ್ದು. ಮಗುವನ್ನು ಹಿಡಿಯಲು ಓಡಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಅವರನ್ನು ಹಿಡಿಯಲು ಓಡಿದ್ದೆ. ತಿರುಗಿದಾಗ ಯಾವುದೋ ದೇಶದ, ಯಾವುದೋ ಮುಖ.

ಊರು ಸೇರಿದಾಗ ಮನೆಯ ತುಂಬ ಕೊಬ್ಬರಿಯ ವಾಸನೆ. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಈಗ ಅಟ್ಟದ ಮೇಲಿದ್ದದ್ದು ಅಪ್ಪ ಸಾಯುವ ವಾರದಲ್ಲಿ ಏರಿಸಿದ ರಾಶಿ. ಅಮ್ಮ ಅದರಿಂದ ಒಂದನ್ನು ಇಳಿಸಿ, ಸಿಪ್ಪೆ ಸುಲಿದು, ಮಗುವಿಗೆ ಆಡಲು ಕೊಟ್ಟಳು. ಮಗಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಯಾರಿದ್ದಾರೆ ಎಂದು ಕೇಳಿದಳು. ಅಮ್ಮ ಒಳಕ್ಕೆ ಹೋಗಿ ಎಷ್ಟೋ ಹೊತ್ತು ಬರಲಿಲ್ಲ.

ಸಂಜೆ ಅಪ್ಪನನ್ನು ಕೂರಿಸಿದ ಜಾಗಕ್ಕೆ ಹೋದೆ. ಎರಡು ತೆಂಗಿನ ಮರಗಳ ನಡುವೆ ಸಿಮೆಂಟಿನ ಚಿಕ್ಕ ಕಟ್ಟೆ. ಅಳು ಬರಲಿಲ್ಲ. ಅಪ್ಪ ನನ್ನ ಮನೆಯಲ್ಲಿದ್ದಾರೆ, ಇಲ್ಲಿ ಯಾರೋ ಬೇರೆಯವರು ಎಂದೇ ಅನ್ನಿಸುತ್ತಿತ್ತು. ಅದು ನನಗೆ ಭಯ ಹುಟ್ಟಿಸಿತು.

ಮಾರನೆಯ ದಿನ ಮಾಯಸಂದ್ರದ ಬಸ್ಸು ಹತ್ತಿದೆವು. ಮಗಳು ಆ ಕಾಯಿಯನ್ನು ಬಿಡಲೊಲ್ಲದೆ ಎದೆಗವುಚಿಕೊಂಡು ಬಂದಳು. ಅತ್ತೆ ಗೇಟಿನ ಹತ್ತಿರವೇ ನನ್ನನ್ನು ತಡೆದರು.

“ಕರ ಹಾಕೋ ಕಾಲ, ಅಳಿಯಂಗೆ ಆಸರೆಯಾಗಿ ಅಲ್ಲೇ ಉಳ್ಕಂಡವ್ನೆ ಅಂತ ಹೇಳ್ಬುಡು.”

“ಇನ್ನೆಷ್ಟು ದಿನ ಅತ್ತೆ? ನನಗೆ ಆಗಲ್ಲ.”

“ನಿಂಗೇನು? ನಿಜ ಹೇಳಿ ಇಮಾನ ಹತ್ತುಬುಡ್ತೀಯ. ಎದೆ ಹಿಡ್ಕಂಡು ಬಿದ್ರೆ ಎತ್ತೋಳು ನಾನು ಕಣೇ.”

ಸಿಟ್ಟು ನೆತ್ತಿಗೇರಿತು. ಆದರೆ ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹನ್ನೊಂದು ತಿಂಗಳು ಅಜ್ಜಿಯ ಮಲಮೂತ್ರ ಬಳಿದವರು ಅವರು, ಅಣ್ಣ ಸತ್ತದ್ದಕ್ಕೆ ಬಾಯಿಬಿಟ್ಟು ಅಳಲೂ ಆಗದೆ ಹಿತ್ತಲಿಗೆ ಹೋಗಿ ಸೆರಗು ಕಚ್ಚಿಕೊಂಡವರು ಅವರು. ತಲೆಯಾಡಿಸಿ ಒಳಗೆ ಹೋದೆ.

ಅಜ್ಜಿ ಕಿಟಕಿಯ ಪಕ್ಕ ಮಂಚದಲ್ಲಿ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿ, “ಬಂದ್ಯಾ ಮಗಳೇ? ಎಷ್ಟು ಜನ ಬಂದ್ರಿ?” ಎಂದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನ ಬಾಯಲ್ಲಿ ಕರು ಹಾಕುವ ಕಾಲದ ನೆಪ ಸಿದ್ಧವಾಗಿತ್ತು. ಬಂದದ್ದು ಬೇರೆ: “ಇಬ್ರೇ ಅಜ್ಜಿ.”

ಅಜ್ಜಿ ಮಗಳನ್ನು ಹತ್ತಿರ ಕರೆದು ತಲೆ, ಕೆನ್ನೆ, ಬೆರಳುಗಳನ್ನು ತಡವಿದರು. ಆಮೇಲೆ ಕೇಳಿದರು, “ತಾತ ಎಲ್ಲವ್ನೆ ಪುಟ್ಟಿ?” ಮಗಳು ಯಾರೂ ಹೇಳಿಕೊಡದೆ ತುಟಿಯ ಮೇಲೆ ಬೆರಳಿಟ್ಟು, “ಶ್... ತಾತ ಮಲಗವ್ರೆ” ಎಂದಳು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳನ್ನು ಅವಳಿಗೆ ಹಾಲಿನ ಜೊತೆ ಕುಡಿಸಿದ್ದೆ.

ಅವಳ ಕೈಯಲ್ಲಿದ್ದ ಕಾಯಿ ಗುಡುಗುಡು ಎಂದಿತು. ಅಜ್ಜಿ ಅದನ್ನು ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಮ್ಮೆ, ಇನ್ನೊಮ್ಮೆ. ಅಲ್ಲಾಡಿಸುತ್ತಲೇ ಕೇಳಿದರು, “ಯಾವ ತೋಟದಾಗೆ ಕೂರಿಸಿದ್ರಿ ನನ್ನ ಮಗನ್ನ?”

ಅತ್ತೆ ಬಾಗಿಲಲ್ಲೇ ಕೂತುಬಿಟ್ಟರು. “ಮನೆ ಹಿಂದಿನ ತೋಟದಲ್ಲಿ ಅಜ್ಜಿ. ಬಾವಿ ಪಕ್ಕ.”

“ಒಳ್ಳೇ ಜಾಗ. ತಂಪಾಗಿರುತ್ತೆ.”

ಅಜ್ಜಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಕೊಬ್ಬರಿ. ಪ್ರತಿ ವರ್ಷ ಕೊಬ್ಬರಿ ಇಳಿಸಿದಾಗ ಅಪ್ಪ ಅಟ್ಟದಿಂದ ಒಂದು ಕಾಯಿಯನ್ನು ಚಿಪ್ಪಿನ ಸಮೇತ ತರುತ್ತಿದ್ದರು. ತಾಯಿಯ ಕಿವಿಗೆ ಅಲ್ಲಾಡಿಸಿ ಕೇಳಿಸಿ, ಅವರೆದುರೇ ಕುಡುಗೋಲಿನ ಬೆನ್ನಿನಿಂದ ಸುತ್ತ ತಟ್ಟಿ ತಟ್ಟಿ ಚಿಪ್ಪು ಬಿಡಿಸಿ, ಒಂದು ಗೀರೂ ಬೀಳದ ಇಡೀ ಉಂಡೆಯನ್ನು ಅಂಗೈಗೆ ಇಡುತ್ತಿದ್ದರು. ಗೀರು ಬಿದ್ದರೆ ಅದು ತಾಯಿಗಲ್ಲ. ಅಪ್ಪ ಹೋಗಿ ಮೂರು ತಿಂಗಳಿಗೆ ತಮ್ಮ ಹತ್ತು ಕೊಬ್ಬರಿಯನ್ನು ಮನೆಯಲ್ಲೇ ಚಿಪ್ಪು ಬಿಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ತಂದು, ಅಪ್ಪ ಹೊರಡುವಾಗ ನಿನಗೆಂದು ತೆಗೆದಿಟ್ಟಿದ್ದರು ಎಂದು ಅಜ್ಜಿಯ ಮಡಿಲಿಗೆ ಹಾಕಿದ್ದ.

“ನಿಮ್ಮಪ್ಪ ಯಾವತ್ತೂ ಚಿಪ್ಪು ಸುಲಿದ ಕೊಬ್ರಿ ತಂದೋನಲ್ಲ. ಅವತ್ತೇ ತಿಳ್ಕಂಡೆ, ಇವನು ಇಮಾನ ಹತ್ತಿಲ್ಲ ಅಂತ.”

“ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ? ವಾರ ವಾರ ಯಾಕೆ ಕೇಳ್ತಿದ್ರಿ?” ನನ್ನ ದನಿ ಏರಿತು. ಮೋಸ ಹೋದವಳು ನಾನೇ ಎಂಬಂತೆ ಸಿಟ್ಟು ಬಂತು.

ಅಜ್ಜಿ ಮಂಜುಗಣ್ಣನ್ನು ನನ್ನತ್ತ ತಿರುಗಿಸಿದರು. “ಎಲ್ರೂ ಇಷ್ಟು ಕಷ್ಟಪಟ್ಟು ಬಚ್ಚಿಟ್ಟವ್ರೆ, ನಾನ್ಯಾಕೆ ಬಿಚ್ಚಲಿ ಅಂತ ಸುಮ್ಕಿದ್ದೆ. ಆಮೇಲೆ ನೀನು ಸ್ವೆಟ್ರು ತಂದೆ ಅಂದೆ, ಕರುಗಳ್ಗೆ ಹಾಲು ಕುಡುಸ್ತವ್ನೆ ಅಂದೆ. ಭಾನ್ವಾರ ಬಂದ್ರೆ ಒಂದು ಗಳಿಗೆ ಅವನು ಇರ್ತಿದ್ದ ಕಣೇ. ಇವತ್ತು ನೀನು ಇಬ್ರೇ ಅಂದ್ಬುಟ್ಟೆ.”

ನಾನು ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ಅಪ್ಪ ಸತ್ತ ಮೇಲೆ ಅದೇ ಮೊದಲು. ಅತ್ತೆಯೂ ಬಾಗಿಲಲ್ಲೇ ಹನ್ನೊಂದು ತಿಂಗಳ ಅಳುವನ್ನು ಹೊರಗೆ ಹಾಕಿದರು. ಮಗಳು ಹೆದರಿ ಒಮ್ಮೆ ನನಗೆ, ಒಮ್ಮೆ ಅತ್ತೆಗೆ ಶ್ ಶ್ ಎನ್ನುತ್ತಾ ಓಡಾಡಿದಳು. ಅಜ್ಜಿ ಅಳಲಿಲ್ಲ. ಚಿಪ್ಪು ಒಡೆಯಲೇ ಎಂದು ಕೇಳಿದೆ. “ಬ್ಯಾಡ ಬುಡು, ನಿನ್ನ ಕೈಲಿ ಗೀರು ಬಿದ್ದೋಯ್ತದೆ” ಎಂದು ಕಾಯಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡರು.

ವರ್ಷದ ಕಾರ್ಯ ಮುಗಿಸಿ ನಾವು ವಾಪಸು ಬಂದ ಮೊದಲ ಭಾನುವಾರ ಫೋನು ಬರುವುದೋ ಇಲ್ಲವೋ ಎಂದು ಕಾದೆ. ಏಳೂವರೆಗೆ ಸರಿಯಾಗಿ ಬಂತು. ಅಜ್ಜಿ ಮಳೆ ಕೇಳಿದರು, ಹಸುಗಳನ್ನು ಕೇಳಿದರು, ಮಗುವಿನ ಕಿವಿನೋವು ಕೇಳಿದರು. ಇನ್ನು ಫೋನು ಇಡುತ್ತಾರೇನೋ ಎಂದುಕೊಂಡೆ.

“ಅಲ್ಲಿ ಚಳಿ ಇನ್ನೂ ಐತಾ?”

“ಐತೆ ಅಜ್ಜಿ.”

“ಸ್ವೆಟ್ರು ಹಾಕ್ಕಂಡವ್ನಾ?”

ನಾನು ಬಾಗಿಲ ಕಡೆ ನೋಡಿದೆ. ಸ್ವೆಟರು ಮೊಳೆಯಲ್ಲೇ ಇತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಅವಳ ತುಟಿಯ ಮೇಲೆ ನಾನು ಬೆರಳಿಡಲಿಲ್ಲ.

“ಹಾಕ್ಕಂಡವ್ರೆ ಅಜ್ಜಿ” ಎಂದೆ.