ಜೆಬೆಲ್ ಅಲಿಯ ಗೇಟಿನಲ್ಲಿ ನೀಲಿ ಟೊಪ್ಪಿಗೆ

ಗದಗ ಕಡೆಯ ಮುರುಗೆಪ್ಪ ಭಾರತದ ಸೇನೆಯಲ್ಲಿ ಹವಾಲ್ದಾರನಾಗಿದ್ದವನು. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ದಕ್ಷಿಣ ಲೆಬನಾನಿನಲ್ಲಿ ಶಾಂತಿ ಕಾಯ್ದವನು, ಈಗ ಕೊಲ್ಲಿ ನಾಡಿನ ಜೆಬೆಲ್ ಅಲಿಯ ಒಂದು ಲೇಬರ್ ಕ್ಯಾಂಪಿನ ಗೇಟು ಕಾಯುತ್ತಾನೆ.

ಕಂಪನಿಯ ಮ್ಯಾನೇಜರ್ ಬ್ರೆಂಡನ್ ಐರ್ಲೆಂಡಿನವನು. ಅವನ ಅಪ್ಪನೂ ಅದೇ ಲೆಬನಾನಿನಲ್ಲಿ ನೀಲಿ ಟೊಪ್ಪಿಗೆಯವನೇ. ಹೊಲಕ್ಕೆ ಹೋಗಲು ಹೆದರುತ್ತಿದ್ದ ರೈತರ ಮುಂದೆ ತಾನು ನಡೆದು, ಗುಂಡಿಗೆ ಎದೆಯೊಡ್ಡಿ, ತಂಬಾಕಿನ ಕೊಯ್ಲು ಮಾಡಿಸಿದ್ದನಂತೆ. ಕೂಲಿಗೆಂದು ಊರು ಬಿಡುವವರ ನಾಡು ಎಂದು ಜಗತ್ತು ಮೂಗು ಮುರಿಯುತ್ತಿದ್ದ ತಮ್ಮ ದೇಶ ಆ ಸೈನಿಕರಿಂದ ತಲೆ ಎತ್ತಿತು ಎಂದು ಬ್ರೆಂಡನ್ ಹೇಳುವಾಗ ಮುರುಗೆಪ್ಪನ ಎದೆಯೂ ಉಬ್ಬುತ್ತಿತ್ತು. ನಮ್ಮವರೂ ಅದನ್ನೇ ಕೊಚ್ಚಿಕೊಳ್ಳುತ್ತಾರಲ್ಲ.

ಆಗಸ್ಟಿನಲ್ಲಿ ಕ್ಯಾಂಪಿನ ನೀರು ನಿಂತಿತು. ಟ್ಯಾಂಕರ್ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಂಪನಿ ಸಾಗಹಾಕಿತು. ಕುಂಡೆ ತೊಳೆಯಲೂ ನೀರಿಲ್ಲದ ಗಂಡಸರು ಒಂದು ಬೆಳಿಗ್ಗೆ ಬಸ್ಸು ಹತ್ತದೆ ಗೇಟಿನೊಳಗೆ ಕೂತುಬಿಟ್ಟರು. ಹಾಗೆ ಕೂತರೆ ಊರಿನ ವಿಮಾನವೇ ಗತಿ ಎಂದು ಗೊತ್ತಿದ್ದೇ ಕೂತರು. ಬ್ರೆಂಡನ್ ಮುರುಗೆಪ್ಪನಿಗೆ ಫೋನು ಮಾಡಿ, ನೀಲಿ ಟೊಪ್ಪಿಗೆ ಹಾಕಿಕೋ, ನಡುವೆ ನಿಂತು ಸಮಾಧಾನ ಮಾಡಿ ಬಸ್ಸು ಹತ್ತಿಸು ಎಂದ. ಈ ಪೆದ್ದ ಟ್ರಂಕಿನಿಂದ ತೆಗೆದು ಹಾಕಿಕೊಂಡೇ ಹೋದ.

ಫೋರ್ಕ್‌ಲಿಫ್ಟ್ ಓಡಿಸುವ ಉಳ್ಳಾಲದ ಅಬೂಬಕ್ಕರ್ ಕೂತಲ್ಲಿಂದಲೇ ತಲೆ ಎತ್ತಿದ.

"ಮುರುಗಣ್ಣ, ಬಾಂಬ್ ಹುಡುಕ್ಲಿಕ್ಕೆ ಬಂದದ್ದಾ? ನಮ್ಮತ್ರ ಇರುದು ಖಾಲಿ ಬಕೆಟ್ ಮಾತ್ರ. ನೋಡಿ ಹೋಗಿ."

ಯಾರೂ ನಗಲಿಲ್ಲ. ಮುರುಗೆಪ್ಪನಿಗೆ ಮೊದಲು ಅಬೂಬಕ್ಕರನ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ. ಎರಡೂ ಕಡೆ ಬಂದೂಕಿದ್ದರೆ ನಡುವೆ ನಿಲ್ಲುವುದು ಶಾಂತಿ. ಒಂದು ಕಡೆ ನೀರೂ ವೀಸಾವೂ ಇದ್ದು ಇನ್ನೊಂದು ಕಡೆ ಬರೀ ಬಾಯಾರಿಕೆ ಇದ್ದರೆ, ನಡುವೆ ನಿಂತವನು ಧಣಿಯ ನಾಯಿ.

ಅಷ್ಟರಲ್ಲಿ ಬ್ರೆಂಡನ್ ಕಾರಿನಲ್ಲಿ ಬಂದಿಳಿದ. ಮುರುಗೆಪ್ಪ ಟೊಪ್ಪಿಗೆ ತೆಗೆದ. ತನ್ನ ಹರಕು ಇಂಗ್ಲಿಷಿನಲ್ಲಿ ಅವನು ಹೇಳಿದ್ದು ಇಷ್ಟೇ: "ಸಾಹೇಬ್ರ, ನಿಮ್ಮಪ್ಪ ಹೊಲಕ್ಕ ಹೋಗೋ ಮಂದಿ ಮುಂದ ನಡದ. ನೀವು ನನ್ನನ್ನ ಅಂಥಾ ಮಂದಿಗೇ ಅಡ್ಡ ನಿಲ್ಲಸಾಕತ್ತೀರಿ."

ಬ್ರೆಂಡನ್ ಕೆಂಪಾದ. ಅಪ್ಪನ ಸುದ್ದಿ ಬೇಡ, ಇವರನ್ನು ಹತ್ತಿಸದಿದ್ದರೆ ನೀನೂ ಮನೆಗೆ ಎಂದ. ಮುರುಗೆಪ್ಪ ಹೋಗಿ ಅಬೂಬಕ್ಕರನ ಮಗ್ಗುಲಲ್ಲಿ ಕೂತ.

ಬಸ್ಸು ಖಾಲಿ ಹೋಯಿತು. ಮಧ್ಯಾಹ್ನ ಟ್ಯಾಂಕರ್ ಬಂತು. ಸಂಜೆಗೆ ಮುರುಗೆಪ್ಪನ ಕೆಲಸ ಖಲಾಸ್.

ಊರಿಗೆ ಫೋನು ಮಾಡಿ ಹೆಂಡತಿ ರುದ್ರವ್ವನಿಗೆ ಎಲ್ಲ ಹೇಳಿದ.

"ಆ ಮಂದಿಗೆ ನೀರ ಬಂತಿಲ್ಲರೀ?"

"ಬಂತು."

"ಹಂಗಾರ ಬರ್ರಿ."